ಹದಿನಾರಾಣೆ ನೋವು

ಬೆಂಗಳೂರಿನ ಕಡೆಯಿಂದ ಬಂದು ಕಿಬ್ಬನಹಳ್ಳಿ ಕ್ರಾಸಿನಲ್ಲಿ ಇಳಿದಿದ್ದೀರಿ. ಎಡಕ್ಕೆ ತಿರುಗಿದರೆ ತುರುವೇಕೆರೆ, ಬಲಕ್ಕೆ ಚಿಕ್ಕನಾಯಕನಹಳ್ಳಿ, ನೆಟ್ಟಗೆ ಹೋದರೆ ತಿಪಟೂರು. ಯಾವ ದಿಕ್ಕಿಗೆ ಕಣ್ಣು ಹಾಯಿಸಿದರೂ ತೆಂಗು. ಬಿಸಿಲು ನೆತ್ತಿಗೇರಿದೆ. ಸಿಪ್ಪೆ ಹೇರಿಕೊಂಡ ಟ್ರ್ಯಾಕ್ಟರೊಂದು ನಾರಿನ ಫ್ಯಾಕ್ಟರಿಯ ಕಡೆ ಹೊರಳುತ್ತದೆ. ಅದು ಹೋದ ಮೇಲೂ ಧೂಳಿನ ಜೊತೆ ಒಣಸಿಪ್ಪೆಯ ವಾಸನೆ ಸ್ವಲ್ಪ ಹೊತ್ತು ನಿಲ್ಲುತ್ತದೆ. ರಸ್ತೆ ಬದಿಯಲ್ಲಿ ಒಂದು ವ್ಯಾನು ನಿಮಗಾಗಿ ಕಾಯುತ್ತಿದೆ. ಒಳಗೆ ಒಬ್ಬ ನರ್ಸ್, ಒಬ್ಬ ಆಪ್ತಸಮಾಲೋಚಕಿ, ಇಬ್ಬರ ಕಾಲ ಬಳಿ ಮಾತ್ರೆಯ ಪೆಟ್ಟಿಗೆ. ಗುಣವಾಗದ ಕಾಯಿಲೆಯವರನ್ನು ಮನೆಗೇ ಹೋಗಿ ನೋಡಿಕೊಳ್ಳುವ ಉಪಶಮನ ಆರೈಕೆಯ ತಂಡ ಇದು.

ನೀವು ಹೋಗುತ್ತಿರುವ ಮನೆಯ ಹೆಸರನ್ನಾಗಲಿ ಊರಿನ ಹೆಸರನ್ನಾಗಲಿ ಬರೆಯುವುದಿಲ್ಲ. ಇಂಥ ಹಲವು ಮನೆಗಳ ಸಂಗತಿ ಕೂಡಿಸಿ ಕಟ್ಟಿದ ಮನೆ ಅದು. ನೊಣವಿನಕೆರೆಯ ಆಚೆಗೆ ಎಲ್ಲೋ ಇದೆ ಅಂದುಕೊಳ್ಳಿ.

ಅಂಗಳದಲ್ಲಿ ಒಬ್ಬ ಆಳು ಕಾಯಿ ಸುಲಿಯುತ್ತಿದ್ದಾನೆ. ನೆಲಕ್ಕೆ ನೆಟ್ಟ ಕಬ್ಬಿಣದ ಮೊನೆಗೆ ಕಾಯಿ ಕುಕ್ಕಿ ತಿರುವಿದರೆ ಚರ್ ಎಂದು ಸಿಪ್ಪೆ ಬಿಡುತ್ತದೆ. ಒಳಗೆ ಕಾಲಿಟ್ಟರೆ ತಲೆಯ ಮೇಲೆ ಅಟ್ಟ. ಈ ಸೀಮೆಯ ಹಳೇ ಮನೆಗಳಲ್ಲಿ ಅಟ್ಟವೇ ಉಗ್ರಾಣ. ಬಲಿತ ಕಾಯನ್ನು ಅಲ್ಲಿ ತಿಂಗಳುಗಟ್ಟಲೆ ಬಿಡುತ್ತಾರೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟು, ಉಂಡೆಗೆ ಉಂಡೆಯೇ ಒಣಗುತ್ತದೆ. ತಿಪಟೂರಿನ ಮಾರುಕಟ್ಟೆಗೆ ಹೆಸರು ತಂದ ಉಂಡೆ ಕೊಬ್ಬರಿ ಹೀಗೇ ಆಗುವುದು. ಕಾಯಿ ಕೈಯಲ್ಲಿ ಹಿಡಿದು ಕಿವಿಯ ಹತ್ತಿರ ಅಲ್ಲಾಡಿಸಿದರೆ ಒಳಗೆ ಗಿಟುಕು ಉರುಳುವ ಸದ್ದು ಕೇಳಬೇಕು. ಈ ಮನೆಯಲ್ಲಿ ಅಟ್ಟ ಹತ್ತಿ ಆ ಸದ್ದು ಕೇಳುತ್ತಿದ್ದವರು ಯಜಮಾನರಲ್ಲ, ಅವರ ಹೆಂಡತಿ. ಆಕೆ ಈಗ ಅಟ್ಟದ ಕೆಳಗೇ ಮಂಚದ ಮೇಲೆ, ಎಡ ಮಗ್ಗುಲಾಗಿ, ಮೊಣಕಾಲು ಮಡಿಸಿಕೊಂಡು ಮಲಗಿದ್ದಾರೆ. ವಯಸ್ಸು ಐವತ್ತೆಂಟು.

ಎದೆಯ ಕ್ಯಾನ್ಸರ್. ಬೆಂಗಳೂರಿನ ಕಿದ್ವಾಯಿಯಲ್ಲಿ ಆಪರೇಷನ್ ಆಯಿತು, ಕೀಮೋ ಆಯಿತು. ಆಮೇಲೆ ಬೆನ್ನು ನೋವು ಶುರುವಾಯಿತು, ಸ್ಕ್ಯಾನ್ ಮಾಡಿದರೆ ಬೆನ್ನು ಮೂಳೆಗೆ ಹಬ್ಬಿತ್ತು. ಆ ಜಾಗಕ್ಕೆ ಕರೆಂಟು ಕೊಟ್ಟರು. ರೇಡಿಯೋಥೆರಪಿಗೆ ನಮ್ಮ ಹಳ್ಳಿಗಳಲ್ಲಿ ಇರುವ ಮಾತು ಅದೇ. ಮಾರ್ಫಿನ್ ಮಾತ್ರೆ ಬರೆದು ಮನೆಗೆ ಕಳಿಸಿದರು.

ನರ್ಸ್ ಮೊದಲು ಕೇಳುವುದು ಮಾತ್ರೆಯ ಲೆಕ್ಕ. ಬರೆದುಕೊಟ್ಟಿದ್ದು ನಾಲ್ಕು ಗಂಟೆಗೊಂದು. ಪಟ್ಟಿ ಎಣಿಸಿದರೆ ಅರ್ಧಕ್ಕರ್ಧ ಹಾಗೇ ಇದೆ.

"ತೀರಾ ತಡಿಯಕ್ಕಾಗ್ದೆ ಇದ್ದಾಗ ಮಾತ್ರ ಕೊಡ್ತೀವಿ," ಅನ್ನುತ್ತಾನೆ ಮಗ. "ಅಭ್ಯಾಸ ಆಗ್ಬಿಟ್ರೆ ಕಷ್ಟ ಅಂತ ಮೆಡಿಕಲ್ ಸ್ಟೋರಲ್ಲಿ ಅಂದ್ರು."

"ಅದು ಕೊನೇ ಮಾತ್ರೆ ಅಂತೆ ಕಣವ್ವ," ಅನ್ನುತ್ತಾರೆ ಆಕೆ, ಕಣ್ಣು ಬಿಡದೆ.

ನರ್ಸ್ ಗದರುವುದಿಲ್ಲ. ನೋವು ಏರಿದ ಮೇಲೆ ಅಟ್ಟಿಸಿಕೊಂಡು ಹೋಗುವುದಲ್ಲ, ಏರುವ ಮುಂಚೆಯೇ ತಡೆಯಬೇಕು, ಅದಕ್ಕೇ ಗಡಿಯಾರದ ಲೆಕ್ಕ ಎಂದು ವಿವರಿಸುತ್ತಾರೆ. ವೈದ್ಯರು ಹೇಳಿದ ಅಳತೆಯಲ್ಲಿ ನೋವಿಗೆಂದೇ ತೆಗೆದುಕೊಂಡರೆ ಚಟ ಹಿಡಿಯುವುದು ತೀರಾ ಅಪರೂಪ; ಮಲಬದ್ಧತೆ ಮಾತ್ರ ಗ್ಯಾರಂಟಿ, ಅದಕ್ಕೆ ಬೇರೆ ಮಾತ್ರೆ ಇದೆ. ಈ ಭಯಕ್ಕೆ ದೇಶದ ಚರಿತ್ರೆಯೂ ಸೇರಿದೆ. 1985ರ ಮಾದಕ ವಸ್ತು ಕಾಯ್ದೆ ಬಂದ ಮೇಲೆ ಲೈಸೆನ್ಸುಗಳ ಕಾಟಕ್ಕೆ ಎಷ್ಟೋ ಆಸ್ಪತ್ರೆಗಳು ಮಾರ್ಫಿನ್ ಇಡುವುದನ್ನೇ ಬಿಟ್ಟಿದ್ದವು. ಕೇರಳದ ಡಾ. ಎಂ.ಆರ್. ರಾಜಗೋಪಾಲ್ ಅಂಥವರು ವರ್ಷಗಟ್ಟಲೆ ಹೋರಾಡಿದ ಮೇಲೆ 2014ರಲ್ಲಿ ಕಾಯ್ದೆಗೆ ತಿದ್ದುಪಡಿಯಾಯಿತು. ತಿದ್ದುಪಡಿ ಕಾಗದದ ಮೇಲೆ ಆದಷ್ಟು ಬೇಗ ಮನೆಯವರ ಮನಸ್ಸಿನಲ್ಲಿ ಆಗುವುದಿಲ್ಲ.

ಇದನ್ನು ಮೊದಲೇ ಹೇಳುತ್ತಿರುವುದಕ್ಕೆ ಕಾರಣ ಇದೆ. ಮುಂದೆ ನೀವು ನೋಡಲಿರುವುದು ಮನಸ್ಸಿನ ಚಿಕಿತ್ಸೆ. ಅದು ಮಾತ್ರೆಗೆ ಬದಲಿ ಅಲ್ಲ. ಮಾರ್ಫಿನ್ ಕೊಡದೆ "ಧ್ಯಾನ ಮಾಡಿ" ಎಂದು ಕಳಿಸುವುದು ಕ್ರೌರ್ಯ. ಮಾತ್ರೆ ಸರಿಹೋದ ಮೇಲೂ ಉಳಿಯುವ ನೋವು ಒಂದಿರುತ್ತದೆ. ಈ ಮಧ್ಯಾಹ್ನ ಅದಕ್ಕಾಗಿ ಮೀಸಲು.

ಸಮಾಲೋಚಕಿ ಮಂಚದ ಪಕ್ಕ ಚಾಪೆಯ ಮೇಲೆ ಕೂರುತ್ತಾರೆ. ಮಲಗಿದವರ ಮುಖಕ್ಕಿಂತ ತಗ್ಗಿನಲ್ಲಿ. ಸೊನ್ನೆಯಿಂದ ಹತ್ತರೊಳಗೆ ನೋವು ಎಷ್ಟು ಎಂದು ಕೇಳುತ್ತಾರೆ. ಆಕೆ ಸುಮ್ಮನಿರುತ್ತಾರೆ. ಇನ್ನೊಮ್ಮೆ ಕೇಳಿದ್ದಕ್ಕೆ, "ಈಗ ಎಂಟಾಣೆ ಐತೆ. ರಾತ್ರಿ ಹದಿನಾರಾಣೆ."

ಸಮಾಲೋಚಕಿ ಹತ್ತರ ಪಟ್ಟಿಯನ್ನು ಬ್ಯಾಗಿಗೆ ಹಾಕಿಬಿಡುತ್ತಾರೆ. ಯಜಮಾನರು ಕೊಬ್ಬರಿ ಲೆಕ್ಕದ ಉದ್ದನೆ ಪುಸ್ತಕ ತಂದುಕೊಟ್ಟು ಹೊರಗೆ ಹೋಗುತ್ತಾರೆ. ಅದರ ಹಿಂಬದಿಯ ಖಾಲಿ ಹಾಳೆಗಳಲ್ಲಿ ನೋವಿನ ಲೆಕ್ಕ ಶುರುವಾಗುತ್ತದೆ. ಗಂಟೆ, ಎಷ್ಟಾಣೆ, ಆಗ ಏನು ಮಾಡುತ್ತಿದ್ದೆ, ಮನಸ್ಸಿನಲ್ಲಿ ಏನು ಬಂತು. ನಾಲ್ಕು ಕಾಲಂ. ಬರೆಯುವ ಕೆಲಸ ಎಂಟನೇ ಕ್ಲಾಸಿನ ಮೊಮ್ಮಗಳದು.

"ನೋವಿರೋದು ಬೆನ್ನಲ್ಲಿ. ಮನಸ್ಸಲ್ಲಿ ಏನು ಬಂತು ಅಂತ ಯಾಕೆ?" ಎಂದು ಮಗ ಕೇಳುತ್ತಾನೆ. ಒಳ್ಳೆಯ ಪ್ರಶ್ನೆ. 1965ರಲ್ಲಿ ರೊನಾಲ್ಡ್ ಮೆಲ್ಝಾಕ್ ಮತ್ತು ಪ್ಯಾಟ್ರಿಕ್ ವಾಲ್ ಎಂಬ ಇಬ್ಬರು ವಿಜ್ಞಾನಿಗಳು ಉತ್ತರ ಕೊಟ್ಟಿದ್ದು ಇದೇ ಪ್ರಶ್ನೆಗೆ. ಪೆಟ್ಟಾದ ಜಾಗದಿಂದ ಹೊರಟ ನೋವಿನ ಸುದ್ದಿ ನೆಟ್ಟಗೆ ಮೆದುಳಿಗೆ ಹೋಗಿ ಬೀಳುವುದಿಲ್ಲ. ಬೆನ್ನುಹುರಿಯಲ್ಲಿ ಒಂದು ಗೇಟು ಇದೆ, ಅದನ್ನು ಹೆಚ್ಚು ಕಡಿಮೆ ತೆರೆಯುವ ಆಜ್ಞೆ ಮೆದುಳಿನಿಂದಲೂ ಬರುತ್ತದೆ ಎಂದರು ಅವರು. ವಿವರಗಳು ಆಮೇಲೆ ಬಹಳ ಬದಲಾದವು, ಮುಖ್ಯ ಮಾತು ನಿಂತಿತು. ಸಮಾಲೋಚಕಿ ಕಿಟಕಿಯಾಚೆ ಕೈ ತೋರಿಸುತ್ತಾರೆ. ತೋಟದ ಅಂಚಿನಲ್ಲಿ ಡ್ರಿಪ್ ಪೈಪಿನ ಗೇಟ್ ವಾಲ್ವ್. ಬೋರಿನಲ್ಲಿ ಬರುವ ನೀರು ಅಷ್ಟೇ ಇದ್ದರೂ ವಾಲ್ವ್ ಎಷ್ಟು ತಿರುವಿದ್ದೀರಿ ಅನ್ನುವುದರ ಮೇಲೆ ಮರದ ಬುಡಕ್ಕೆ ಹೋಗುವುದು ನಿರ್ಧಾರವಾಗುತ್ತದೆ. "ಭಯ, ನಿದ್ದೆಗೆಡೋದು, ಒಬ್ಬರೇ ಮಲಗಿ ಅದನ್ನೇ ಯೋಚಿಸೋದು, ಇವೆಲ್ಲ ವಾಲ್ವ್ ತೆಗೀತಾವೆ. ಅಮ್ಮನ ನೋವು ಸುಳ್ಳು ಅಂತಲ್ಲ. ನೋವು ನೂರಕ್ಕೆ ನೂರು ನಿಜ. ವಾಲ್ವ್‌ಗೂ ಒಂದು ಕೈ ಹಾಕೋಣ ಅಂತ ಅಷ್ಟೆ."

ಮಗ ತಲೆಯಾಡಿಸುತ್ತಾನೆ. ಪಂಪುಸೆಟ್ಟಿನ ಜೊತೆ ಏಗಿ ಬೆಳೆದವನಿಗೆ ಇದಕ್ಕಿಂತ ಹೆಚ್ಚು ಹೇಳಬೇಕಿಲ್ಲ.

"ನೆನ್ನೆ ರಾತ್ರಿ ಹದಿನಾರಾಣೆ ಆಯ್ತು ಅಂದ್ರಲ್ಲ, ಆಗ ಏನಾಯ್ತು ಹೇಳಿ."

ಆಕೆ ಹೇಳುತ್ತಾರೆ. ಎರಡು ಗಂಟೆಗೆ ಎಚ್ಚರವಾಯಿತು. ಸೊಂಟದ ಮೇಲೆ ಇರಿದ ಹಾಗಾಯಿತು. ಮಗ್ಗುಲು ಬದಲಿಸಿದರು, ಹೋಗಲಿಲ್ಲ. ಆಮೇಲೆ ಮಾತು ನಿಲ್ಲುತ್ತದೆ. ಸಮಾಲೋಚಕಿ ತುಂಬಿಸಲು ಹೋಗುವುದಿಲ್ಲ. ಆಳು ಅಂಗಳದಲ್ಲಿ ಎರಡು ಕಾಯಿ ಸುಲಿಯುವಷ್ಟು ಹೊತ್ತು ಒಳಗೆ ಯಾರೂ ಮಾತಾಡುವುದಿಲ್ಲ.

"ಇನ್ನೂ ಹಬ್ತಾ ಐತೆ ಅನ್ನಿಸ್ತು. ಬೆಳಗಾಗೋ ಹೊತ್ಗೆ ಕಾಲೂ ಹೋಗ್ತದೆ, ಹಾಸ್ಗೇಲೇ ಎಲ್ಲಾ ಆಗ್ತದೆ, ಸೊಸೆ ಬಳೀಬೇಕು. ಇಷ್ಟು ಭಾರ ಆಗಿ ಯಾಕಿರ್ಬೇಕು ಅನ್ನಿಸ್ತು."

"ಹಾಗನ್ನಿಸಿದ ಮೇಲೆ ನೋವು?"

"ಜಾಸ್ತಿ ಆಯ್ತು."

"ಸಾಯ್ಬೇಕು ಅಂತ ಅನ್ನಿಸುತ್ತಾ?"

"ಸಾಯಕ್ಕೆ ನಾನೇನೂ ಮಾಡ್ಕೊಳಲ್ಲ ಕಣವ್ವ. ಭಾರ ಆಗ್ಬಾರ್ದು ಅಷ್ಟೆ."

ಆ ಪ್ರಶ್ನೆಯನ್ನು ಸಮಾಲೋಚಕಿ ನೇರ ಕೇಳಿದ್ದು ಗಮನಿಸಿದಿರಿ. ಕೇಳಿದರೆ ಆ ಯೋಚನೆ ತಲೆಗೆ ಹೊಕ್ಕೀತು ಎಂಬ ಭಯ ನಮ್ಮಲ್ಲಿ ಬಹಳ. ಕೇಳದೆ ಬಿಡುವುದೇ ಅಪಾಯ.

ಒಂದು ನೋವಿನ ಎಳೆ ಹಿಡಿದು ಮನಸ್ಸು ಕಡೆಯ ಅನಾಹುತದವರೆಗೆ ಓಡುವುದನ್ನು ಅಳೆಯಲು ಕೆನಡಾದ ಮೈಕೆಲ್ ಸಲಿವನ್ ಮತ್ತು ಸಂಗಡಿಗರು 1995ರಲ್ಲಿ 13 ಪ್ರಶ್ನೆಗಳ ಒಂದು ಮಾಪಕ ರೂಪಿಸಿದರು. ಈ ಓಟ ಜೋರಾದವರಿಗೆ ನೋವೂ ಜೋರು ಎಂದು ಒಂದಾದ ಮೇಲೊಂದು ಅಧ್ಯಯನದಲ್ಲಿ ಕಂಡುಬಂದಿದೆ. ಅರಿವು ಮತ್ತು ವರ್ತನೆಯ ಚಿಕಿತ್ಸೆ, ಅಂದರೆ ಸಿಬಿಟಿ, ಹಿಡಿಯುವುದು ಈ ಓಟವನ್ನು. ಅಮೆರಿಕದ ಏರನ್ ಬೆಕ್ 1960ರ ದಶಕದಲ್ಲಿ ಖಿನ್ನತೆಗೆಂದು ಹುಟ್ಟುಹಾಕಿದ ದಾರಿ ಅದು, ನೋವಿನ ಕಡೆಗೆ ಬಂದದ್ದು ಆಮೇಲೆ.

ಈಗ ಸಮಾಲೋಚಕಿ ಏನು ಮಾಡುವುದಿಲ್ಲ ಅನ್ನುವುದನ್ನೂ ನೋಡಿ. "ಧೈರ್ಯವಾಗಿರಿ" ಅನ್ನುವುದಿಲ್ಲ. "ಒಳ್ಳೇದನ್ನೇ ಯೋಚಿಸಿ" ಅನ್ನುವುದಿಲ್ಲ. ನೋಡಲು ಬಂದ ನೆಂಟರೆಲ್ಲ ಆ ಮಾತುಗಳನ್ನು ಹಣ್ಣಿನ ಜೊತೆ ಇಟ್ಟುಹೋಗಿದ್ದಾರೆ. ಮೂಳೆಗೆ ಹಬ್ಬಿರುವುದು ನಿಜ. ಅದನ್ನು ಸುಳ್ಳು ಎಂದು ಸಾಧಿಸಲು ಯಾರಿಗೂ ಹಕ್ಕಿಲ್ಲ. ಸಮಾಲೋಚಕಿ ಕೇಳುವುದು ಇಷ್ಟೇ: "ಹೋದ ವಾರವೂ ಹೀಗೇ ಒಂದು ರಾತ್ರಿ ಹದಿನಾರಾಣೆ ಆಗಿತ್ತಲ್ಲ. ಬೆಳಗಾಗೋ ಹೊತ್ಗೆ ಕಾಲು ಹೋಯ್ತಾ?"

"ಇಲ್ಲ."

"ಅವತ್ತು ಹಗಲು ಏನು ಮಾಡಿದ್ರಿ?"

ಮೊಮ್ಮಗಳು ಬಾಯಿ ಹಾಕುತ್ತಾಳೆ. "ಅಜ್ಜಿ ಅವತ್ತು ಅಟ್ಟ ಹತ್ತಿತ್ತು!"

ಎಲ್ಲರೂ ಅಜ್ಜಿಯ ಕಡೆ ನೋಡುತ್ತಾರೆ. ನೋವು ಕಡಿಮೆ ಇದ್ದ ದಿನ, ಮನೆಯಲ್ಲಿ ದೊಡ್ಡವರು ಯಾರೂ ಇಲ್ಲದಾಗ, ಕಾಯಿ ಒಣಗಿದೆಯೋ ನೋಡಲು ಏಣಿ ಹತ್ತಿದ್ದಾರೆ. ಸಾಲದ್ದಕ್ಕೆ ಕಸ ಗುಡಿಸಿ, ಅಂಗಳಕ್ಕೆ ನೀರು ಹಾಕಿದ್ದಾರೆ. ರಾತ್ರಿ ಹದಿನಾರಾಣೆ, ಮಾರನೇ ದಿನವೆಲ್ಲ ಮಂಚ. ಹಾಗಾದರೆ ಆ ರಾತ್ರಿಯ ನೋವಿಗೆ ಕಾಯಿಲೆ ಹಬ್ಬಿದ್ದೇ ಕಾರಣ ಎಂದು ಖಾತ್ರಿ ಇಲ್ಲ. ಅಟ್ಟವೂ ಕಾರಣ ಇರಬಹುದು. ಇದು ಆಕೆಯದೇ ಲೆಕ್ಕದಿಂದ ಹೊರಬಿದ್ದ ಮಾತು, ಆದ್ದರಿಂದ ಆಕೆ ಒಪ್ಪುತ್ತಾರೆ. ನರ್ಸ್ ನಡುವೆ ಬಂದು ಒಂದು ಗೆರೆ ಎಳೆಯುತ್ತಾರೆ: ಕಾಲಿನಲ್ಲಿ ಶಕ್ತಿ ಇಳಿದರೆ, ಜೋಮು ಹಿಡಿದರೆ, ಉಚ್ಚೆ ಕಟ್ಟಿದರೆ ಅದು ಬೆನ್ನುಹುರಿ ಒತ್ತಿಕೊಳ್ಳುತ್ತಿರುವ ಸೂಚನೆ, ಆಗ ಲೆಕ್ಕ ಬರೆಯುತ್ತ ಕೂರಬಾರದು, ಅದೇ ದಿನ ಆಸ್ಪತ್ರೆ. ಯಾವ ಭಯಕ್ಕೆ ಓಡಬೇಕು, ಯಾವುದನ್ನು ಕೂರಿಸಿ ಮಾತಾಡಿಸಬೇಕು ಎಂಬುದು ಬೇರೆ ಬೇರೆಯಾಗಿ ತಿಳಿದ ಮೇಲೆ ರಾತ್ರಿ ಎರಡು ಗಂಟೆ ಸ್ವಲ್ಪ ಹಗುರಾಗುತ್ತದೆ.

ಇನ್ನೊಂದು ಯೋಚನೆ ಇದಕ್ಕಿಂತ ಆಳದ್ದು. ಯಜಮಾನರು ದಸರೀಘಟ್ಟದ ಚೌಡೇಶ್ವರಿಯ ಹತ್ತಿರ ಹೋಗಿ ಬಂದಿದ್ದಾರೆ. ಹೊತ್ತವರ ಕೈಯಲ್ಲಿ ದೇವಿ ಅಕ್ಷರ ಬರೆದು ಉತ್ತರ ಕೊಡುತ್ತಾಳೆ ಎಂದು ದೂರದೂರದಿಂದ ಜನ ಅಲ್ಲಿಗೆ ಬರುತ್ತಾರೆ. ಏನು ಕೇಳಿದಿರಿ ಎಂದು ಸಮಾಲೋಚಕಿ ವಿಚಾರಿಸುತ್ತಾರೆ. ವಾಸಿಯಾಗುತ್ತಾ ಎಂದು ಕೇಳಿದ್ದು ಯಜಮಾನರು. ಹೆಂಡತಿ ಒಳಗೇ ಕೇಳಿಕೊಂಡದ್ದು ಬೇರೆ: ಯಾವ ಪಾಪಕ್ಕೆ ಇದು? ಇಷ್ಟು ದಿನ ಯಾರಿಗೂ ಹೇಳಿರಲಿಲ್ಲ. ಸಮಾಲೋಚಕಿ ಕರ್ಮದ ಜೊತೆ ವಾದಕ್ಕೆ ಇಳಿಯುವುದಿಲ್ಲ. ಇದೇ ಕಾಯಿಲೆ ನಿಮ್ಮ ಸೊಸೆಗೆ ಬಂದಿದ್ದರೆ ಅವಳ ಪಾಪ ಅನ್ನುತ್ತಿದ್ದಿರಾ ಎಂದು ಕೇಳುತ್ತಾರೆ. "ಬಿಡ್ತು ಅನ್ನು!" ಎಂದು ಆಕೆ ಅರ್ಧ ಎದ್ದೇ ಬಿಡುತ್ತಾರೆ. ಆ ಎರಡು ಪದವನ್ನು ಮೊಮ್ಮಗಳು ನಾಲ್ಕನೇ ಕಾಲಂನಲ್ಲಿ ಬರೆದುಕೊಳ್ಳುತ್ತಾಳೆ.

ಆಮೇಲೆ ಉಸಿರಾಟ. ಸಮಾಲೋಚಕಿಯ ಫೋನಿನಲ್ಲಿ ರೆಕಾರ್ಡ್ ಮಾಡಿದ ಒಂದು ಧ್ವನಿ ಇದೆ. ಕಣ್ಣು ಮುಚ್ಚಿ, ಸಮುದ್ರದ ದಡದಲ್ಲಿದ್ದೀರಿ, ಅಲೆ ಬರುತ್ತಿದೆ ಅನ್ನುತ್ತದೆ. ಆಕೆ ಸಮುದ್ರ ನೋಡಿಲ್ಲ. ಅಲೆಯ ಸದ್ದಿಗೆ ಹುಬ್ಬು ಗಂಟಿಕ್ಕುತ್ತದೆ. ಫೋನು ಆರಿಸಿ, ನಿಮಗೆ ಎಲ್ಲಿ ಕೂತರೆ ಜೀವ ತಂಪಾಗುತ್ತಿತ್ತು ಎಂದು ಕೇಳಿದರೆ ಆಕೆ ಯೋಚಿಸುವುದೇ ಇಲ್ಲ. ತೋಟದ ಮೂಲೆಯ ಹಲಸಿನ ಮರದ ಬುಡ. ಬೆಳಗಿನ ಕೆಲಸ ಮುಗಿಸಿ ಅಲ್ಲಿ ಕೂತು ಎಲೆ ಅಡಿಕೆ ಹಾಕುತ್ತಿದ್ದರಂತೆ. ಅಲ್ಲಿ ಏನು ಕೇಳಿಸುತ್ತೆ? ಗರಿ ಗರಿಗೆ ತಾಗುವುದು. ಏನು ವಾಸನೆ? ಪಾತಿಗೆ ನೀರು ಬಿಟ್ಟ ಮಣ್ಣಿನದು, ಹಣ್ಣಿನ ಕಾಲವಾದರೆ ಹಲಸಿನದು. ಕಾಲಡಿ? ತಣ್ಣಗೆ, ತರಗೆಲೆ. ಸಮಾಲೋಚಕಿ ಆಕೆಯ ಮಾತನ್ನೇ ಆಕೆಗೆ ನಿಧಾನವಾಗಿ ಹಿಂದಕ್ಕೆ ಓದುತ್ತಾರೆ. ಹೊಟ್ಟೆಯ ಮೇಲೆ ಆಕೆಯದೇ ಕೈ. ಉಸಿರು ಒಳಗೆ ಹೋಗುವುದಕ್ಕಿಂತ ಹೊರಗೆ ಬರುವುದು ಉದ್ದ. ಮುಷ್ಟಿ ಬಿಗಿದು ಬಿಡುವುದು, ಭುಜ ಏರಿಸಿ ಬಿಡುವುದು. ಬೆನ್ನಿನ ತಂಟೆಗೆ ಹೋಗುವುದಿಲ್ಲ. ನೀವು ಹತ್ತಿರದಿಂದ ನೋಡುತ್ತಿದ್ದೀರಿ: ಮೊದಲು ಸಡಿಲವಾದದ್ದು ದವಡೆ. ಮಡಿಸಿದ್ದ ಕಾಲು ಒಂದು ಗೇಣಿನಷ್ಟು ಚಾಚಿಕೊಂಡಿತು.

"ಈಗ ಎಷ್ಟಾಣೆ?"

"ಆರು."

ಎಂಟರಿಂದ ಆರು. ಎರಡಾಣೆ ಅಷ್ಟೇನಾ ಎಂದು ಆರೋಗ್ಯವಾಗಿರುವವರಿಗೆ ಅನ್ನಿಸುತ್ತದೆ. ಆ ಎರಡಾಣೆಯಲ್ಲಿ ಊಟ ಸೇರುತ್ತದೆ, ಒಂದು ಜಾವ ನಿದ್ದೆ ಬರುತ್ತದೆ. ಸಂಶೋಧನೆಯೂ ಇದಕ್ಕಿಂತ ದೊಡ್ಡದನ್ನು ಹೇಳಿಕೊಳ್ಳುವುದಿಲ್ಲ. ಎದೆಯ ಕ್ಯಾನ್ಸರ್ ಇದ್ದವರ ಮೇಲೆ ನಡೆದ 20 ಅಧ್ಯಯನಗಳನ್ನು ಒಟ್ಟುಗೂಡಿಸಿ 2006ರಲ್ಲಿ ನೋಡಿದಾಗ, ಸಿಬಿಟಿಯ ತಂತ್ರ ಕಲಿತ 100 ಮಂದಿಯಲ್ಲಿ ಸುಮಾರು 69 ಮಂದಿಗೆ, ಕಲಿಯದವರ ಸರಾಸರಿಗಿಂತ ನೋವು ಕಡಿಮೆ ಇತ್ತು. ಇನ್ನೊಂದು ಅಧ್ಯಯನ ನನಗೆ ಇನ್ನೂ ಮುಖ್ಯ ಅನ್ನಿಸುತ್ತದೆ. 1995ರಲ್ಲಿ ಸಿಯಾಟಲ್‌ನಲ್ಲಿ ಕ್ಯಾರೆನ್ ಸಿರ್ಜಾಲಾ ಮತ್ತು ಸಂಗಡಿಗರು, ಮೂಳೆಮಜ್ಜೆ ಕಸಿಯಾಗಿ ಬಾಯೆಲ್ಲ ಹುಣ್ಣಾದ ರೋಗಿಗಳಲ್ಲಿ ಕೆಲವರಿಗೆ ಸಡಿಲಗೊಳ್ಳುವುದು ಮತ್ತು ಕಲ್ಪನೆ ಮಾತ್ರ ಕಲಿಸಿದರು, ಕೆಲವರಿಗೆ ಅದರ ಮೇಲೆ ಸಿಬಿಟಿಯ ಉಳಿದ ಪಾಠಗಳನ್ನೂ ಕಲಿಸಿದರು. ಎರಡೂ ಗುಂಪಿನವರಿಗೆ ನೋವು ತಗ್ಗಿತು; ಎಲ್ಲ ಕಲಿತವರಿಗೆ ಹೆಚ್ಚಿನ ಲಾಭವೇನೂ ಕಾಣಲಿಲ್ಲ. ಮನಶ್ಶಾಸ್ತ್ರಜ್ಞರು ಸಿಗದ ತಾಲ್ಲೂಕಿಗೆ ಇದು ದೊಡ್ಡ ಸುದ್ದಿ. ಸಿಬಿಟಿಯ ಎಲ್ಲ ಪಾಠ ಕೊಡಲು ಆಗದಿದ್ದರೂ ಹಲಸಿನ ಮರದ ಬುಡದ ಭಾಗವನ್ನು ನರ್ಸ್ ಕಲಿಸಬಲ್ಲರು, ತರಬೇತಿ ಕೊಟ್ಟರೆ ಆಶಾ ಕಾರ್ಯಕರ್ತೆಯೂ ಕಲಿಸಬಲ್ಲರು.

ಅಟ್ಟದ ವಿಷಯಕ್ಕೆ ದೀರ್ಘ ಚೌಕಾಸಿ ನಡೆಯುತ್ತದೆ. ಏಣಿ ಪೂರ್ತಿ ಬಂದ್; ಮುರಿಯುವ ಮೂಳೆ ಅದು. ಆದರೆ ಕಾಯಿ ನೋಡುವ ಕೆಲಸ ಆಕೆಯದೇ. ಮಗ ದಿನಕ್ಕೊಂದು ಕುಕ್ಕೆ ಕೆಳಗೆ ತಂದು ಮಂಚದ ಪಕ್ಕ ಇಡಬೇಕು, ಆಕೆ ದಿಂಬಿಗೆ ಒರಗಿ ಅಲ್ಲಾಡಿಸಿ ಒಣಗಿದ್ದು, ಒಣಗದ್ದು ಬೇರೆ ಮಾಡಬೇಕು. ಹತ್ತು ನಿಮಿಷ ಕೆಲಸ, ನೋವು ಇರಲಿ ಇಲ್ಲದಿರಲಿ ಆಮೇಲೆ ವಿಶ್ರಾಂತಿ. ನೋವು ಕಡಿಮೆ ಇದ್ದ ದಿನವೂ ಹತ್ತೇ ನಿಮಿಷ. ಈ ಷರತ್ತೇ ಆಕೆಗೆ ಕಷ್ಟ. "ಚೆನ್ನಾಗಿದ್ದಾಗ ಮಾಡ್ದೆ ಯಾವಾಗ ಮಾಡಾದು?" ಎಂದು ಜಗಳಕ್ಕೆ ಬರುತ್ತಾರೆ. ಕಡೆಗೆ ಹದಿನೈದು ನಿಮಿಷಕ್ಕೆ ಒಪ್ಪಂದವಾಗುತ್ತದೆ.

ಯಜಮಾನರು ನಿಮ್ಮನ್ನೂ ನರ್ಸನ್ನೂ ಹೊರಗೆ ಕರೆಯುತ್ತಾರೆ. ಸಿಪ್ಪೆ ರಾಶಿಯ ಹಿಂದೆ ನಿಂತು, ದನಿ ತಗ್ಗಿಸಿ, "ಮೂಳೆಗೆ ಹೋಗೈತೆ ಅಂತ ಅವಳಿಗೆ ಹೇಳಿಲ್ಲ. ನೀವೂ ಹೇಳ್ಬ್ಯಾಡಿ." ಒಳಗೆ ಆಕೆ ಇಷ್ಟು ಹೊತ್ತೂ ಹಬ್ಬಿದ್ದರ ಬಗ್ಗೆಯೇ ಮಾತಾಡಿದ್ದಾರೆ. ಗಂಡನಿಗೆ ಗೊತ್ತಾದರೆ ಎದೆಯೊಡೆದುಕೊಳ್ಳುತ್ತಾರೆ ಎಂದು ಆಕೆ ಮುಚ್ಚಿಟ್ಟಿದ್ದಾರೆ, ಹೆಂಡತಿಗೆ ಗೊತ್ತಾಗಬಾರದೆಂದು ಇವರು. ಒಂದೇ ಮನೆಯಲ್ಲಿ ಇಬ್ಬರೂ ಒಂಟಿ. ಪ್ರೀತಿಯಿಂದಲೇ ಕಟ್ಟಿದ ಈ ಮೌನದ ಬಗ್ಗೆ ನಿಮ್ಹಾನ್ಸ್‌ನಲ್ಲಿ ಮನೋವೈದ್ಯರಾಗಿದ್ದ ಸಂತೋಷ್ ಕೆ. ಚತುರ್ವೇದಿ, ಪ್ರಭಾ ಎಸ್. ಚಂದ್ರ ಬರೆದಿದ್ದಾರೆ. ನರ್ಸ್ ಯಜಮಾನರನ್ನು ತಪ್ಪಿತಸ್ಥರನ್ನಾಗಿ ಮಾಡುವುದಿಲ್ಲ. "ನೀವು ಹೇಳ್ಬೇಡಿ. ರಾತ್ರಿ ಎರಡು ಗಂಟೆಗೆ ಎದ್ದಾಗ ಏನು ಯೋಚನೆ ಬರುತ್ತೆ ಅಂತ ಒಂದ್ಸಲ ಕೇಳಿ ಸಾಕು" ಅನ್ನುತ್ತಾರೆ. ಉಸಿರಾಟದ ಪಾಠವನ್ನು ಅವರಿಗೂ ಹೇಳಿಕೊಡುತ್ತಾರೆ, ಎರಡು ಗಂಟೆಗೆ ಮಂಚದ ಪಕ್ಕ ಇರುವವರು ಅವರೇ ಆದ್ದರಿಂದ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಫ್ರಾನ್ಸಿಸ್ ಕೀಫ್ ಮತ್ತು ಸಂಗಡಿಗರು ಕೊನೆಯ ಹಂತದ ರೋಗಿಗಳ ಸಂಗಾತಿಗಳಿಗೆ ಹೀಗೇ ಮನೆಯಲ್ಲೇ ಮೂರು ಪಾಠ ಕೊಟ್ಟು ನೋಡಿ 2005ರಲ್ಲಿ ಪ್ರಕಟಿಸಿದರು: ನೋವು ತಗ್ಗಿಸಲು ತನ್ನ ಕೈಯಲ್ಲೂ ಏನೋ ಆಗುತ್ತದೆ ಎಂಬ ನಂಬಿಕೆ ಸಂಗಾತಿಗಳಲ್ಲಿ ಹೆಚ್ಚಿತ್ತು. ಯಜಮಾನರು ಬೆರಳು ಮಡಿಸಿ ಉಸಿರು ಎಣಿಸುವುದನ್ನು ನೋಡುತ್ತ ನಿಂತಾಗ ಆ ಮಾತಿಗೆ ಬೇರೆ ಪುರಾವೆ ಬೇಕೆನಿಸುವುದಿಲ್ಲ.

ನನ್ನ ತಕರಾರು ಒಂದೇ. ಇದು ಈ ಸೀಮೆಗೆ ಆಗದ ಕೆಲಸವಲ್ಲ. ಇದೇ ತುರುವೇಕೆರೆ ತಾಲ್ಲೂಕಿನಲ್ಲಿ ನಿಮ್ಹಾನ್ಸ್ ತಂಡ ಸ್ಕಿಜೋಫ್ರೇನಿಯಾ ಇರುವವರನ್ನು ಹಳ್ಳಿಗಳಲ್ಲಿ ಗುರುತಿಸಿ, ಅಲ್ಲೇ ಚಿಕಿತ್ಸೆ ಕೊಟ್ಟು, ವರ್ಷಗಟ್ಟಲೆ ಬಿಡದೆ ನೋಡಿಕೊಂಡಿದೆ. ಬೆಂಗಳೂರಿಗೆ ಹೋಗದೆಯೂ ಮನಸ್ಸಿನ ಕಾಯಿಲೆಗೆ ಆರೈಕೆ ಸಾಧ್ಯ ಎಂದು ತೋರಿಸಿದೆ. ಬೆಂಗಳೂರಿನಲ್ಲಿ ಕಿದ್ವಾಯಿ, ನಿಮ್ಹಾನ್ಸ್ ಎರಡೂ ಒಂದೇ ರಸ್ತೆಯಲ್ಲಿ ಅಕ್ಕಪಕ್ಕದಲ್ಲಿವೆ. ಉಪಶಮನ ಆರೈಕೆಗೆ 2012ರಿಂದ ರಾಷ್ಟ್ರೀಯ ಕಾರ್ಯಕ್ರಮವಿದೆ. ಮಾನಸಿಕ ಸಂಕಟಕ್ಕೆ 14416 ಎಂಬ ಟೆಲಿ ಮಾನಸ್ ಸಂಖ್ಯೆ 2022ರಿಂದ ಇದೆ, ಕನ್ನಡದಲ್ಲೇ ಮಾತಾಡಬಹುದು. ತಾಲ್ಲೂಕು ಆಸ್ಪತ್ರೆಯಲ್ಲಿ ವಾರಕ್ಕೊಂದು ಮಧ್ಯಾಹ್ನ ಕ್ಯಾನ್ಸರ್ ನೋವಿಗೆಂದೇ ಒಂದು ಕೋಣೆ ತೆಗೆದು, ಅಲ್ಲಿ ಮಾರ್ಫಿನ್ ಬರೆಯುವವರನ್ನೂ ಚಾಪೆಯ ಮೇಲೆ ಕೂತು ಕೇಳುವವರನ್ನೂ ಒಟ್ಟಿಗೆ ಕೂರಿಸಬೇಕು. ತುಂಡು ತುಂಡಾಗಿ ಇರುವುದನ್ನು ಹೊಲಿಯುವುದಷ್ಟೇ ಬಾಕಿ. ರಾತ್ರಿ ಎರಡು ಗಂಟೆಗೆ ಎಷ್ಟು ಮನೆಗಳಲ್ಲಿ ದೀಪ ಉರಿಯುತ್ತಿದೆಯೋ ಅಷ್ಟು ಮನೆಗಳಿಗೆ ಇದು ತುರ್ತು.

ವ್ಯಾನಿನ ಬಾಗಿಲ ಹತ್ತಿರ ಪಕ್ಕದ ಮನೆಯ ಹೆಂಗಸು ಕಾದು ನಿಂತಿದ್ದಾರೆ. ಹಾಲ್ಕುರಿಕೆ ಕಡೆಯಲ್ಲಿರುವ ತಮ್ಮನಿಗೆ ಬಾಯಿ ಕ್ಯಾನ್ಸರ್, ಮಾತಾಡಲು ಆಗುವುದಿಲ್ಲ, ಅವನಿಗೂ ಈ ಉಸಿರಾಟ ಆಗುತ್ತದಾ ಎಂದು ಕೇಳುತ್ತಾರೆ.

"ಆಗುತ್ತೆ. ನೋವಿಗೆ ಏನು ಮಾತ್ರೆ ಕೊಡ್ತಿದೀರಿ?"

"ಜ್ವರದ್ದೇ ಕೊಡ್ತಾವ್ರೆ."

ನರ್ಸ್ ಪೆನ್ನು ತೆಗೆಯುತ್ತಾರೆ. "ಮೊದ್ಲು ಅದನ್ನ ಸರಿ ಮಾಡೋಣ. ಆಸ್ಪತ್ರೆ ಚೀಟಿ ಎಲ್ಲಾ ತೆಗೆದಿಟ್ಟಿರಿ ಅಂತ ಹೇಳಿ, ಡಾಕ್ಟರ್ ಜೊತೆ ಮಾತಾಡಿ ಬುಧವಾರ ಬರ್ತೀವಿ. ಮಾತಾಡಕ್ಕೆ ಆಗ್ದಿದ್ರೆ ಒಂದು ಸ್ಲೇಟು ಇಟ್ಕೊಳ್ಳಲಿ. ಎಷ್ಟಾಣೆ ಅಂತ ಬರೆದು ತೋರಿಸಿದ್ರೆ ಸಾಕು."